ಸಾಥ್‌ಗೆ ಯಾರೂ ಸಿಗದ ದಿನ ಯಾವ ಸಾಫ್ಟ್‌ವೇರ್?

ಹಾಡಿಗೆ ಹಿನ್ನೆಲೆ ಟ್ರ್ಯಾಕ್ ಕಟ್ಟುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ಸಾಫ್ಟ್‌ವೇರ್ ಬಗ್ಗೆ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಸಾಕಷ್ಟು ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬರೆದವರ ಹೆಸರು ಹಾಕಿಲ್ಲ, ಊರು ಮತ್ತು ಕೆಲಸ ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಸರ್, ಮನೆಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ, ಜೊತೆಗೆ ಭಾವಗೀತೆ, ವಚನ ಹೇಳಿಕೊಡುತ್ತೇನೆ. ತಬಲಾ ಸಾಥ್‌ಗೆ ಬರುವವರು ವಾರಕ್ಕೆ ಒಂದು ದಿನ ಸಿಕ್ಕರೆ ಹೆಚ್ಚು. ಉಳಿದ ದಿನ ಮಕ್ಕಳು ಮನೆಯಲ್ಲಿ ರಿಯಾಜ್ ಮಾಡಲು ಟ್ರ್ಯಾಕ್ ಬೇಕು. ಉಚಿತವಾದದ್ದು ಹುಡುಕಿದರೆ ಎಂಎಂಎ, ಜೆಜಾಜ್‌ಲ್ಯಾಬ್, ಇಂಪ್ರೊ-ವೈಸರ್, ಹೈಡ್ರೋಜನ್ ಅಂತ ಹೆಸರುಗಳು ಬರುತ್ತವೆ. ಇವುಗಳಲ್ಲಿ ಯಾವುದು ಒಳ್ಳೆಯದು?
(ಗಾಯನ ಶಿಕ್ಷಕಿ, ಧಾರವಾಡ)

ಉತ್ತರ: ಮೇಡಂ, ನಿಮಗೆ ಬೇಕಾಗಿರುವುದು ಹೈಡ್ರೋಜನ್. ಉಳಿದ ಮೂರನ್ನು ಯಾಕೆ ಹೇಳುತ್ತಿಲ್ಲ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಬೇರೆಯವರೂ ಕೇಳಿದ್ದಾರೆ.

ಎಂಎಂಎ, ಜೆಜಾಜ್‌ಲ್ಯಾಬ್, ಇಂಪ್ರೊ-ವೈಸರ್ ಮೂರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಡೆಯುವ ಸಾಫ್ಟ್‌ವೇರ್. ಒಂದನೇ ಬಾರ್‌ಗೆ ಸಿ ಮೇಜರ್, ಎರಡನೆಯದಕ್ಕೆ ಎ ಮೈನರ್, ಮೂರನೆಯದಕ್ಕೆ ಎಫ್ ಅಂತ ನೀವು ಬರೆದುಕೊಟ್ಟರೆ ಅವು ಅದರ ಮೇಲೆ ಡ್ರಮ್ಸ್, ಬಾಸ್, ಪಿಯಾನೋ, ಗಿಟಾರ್ ಎಲ್ಲ ತಾವೇ ಹೆಣೆದು ನುಡಿಸುತ್ತವೆ. 1990ರ ಸುಮಾರಿಗೆ ಬಂದ ಬ್ಯಾಂಡ್-ಇನ್-ಎ-ಬಾಕ್ಸ್ ಅನ್ನುವ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಈ ದಾರಿ ಹಾಕಿತು, ಇವು ಅದೇ ದಾರಿಯ ಉಚಿತ ರೂಪಗಳು. ಸಿನಿಮಾ ಹಾಡು, ಭಾವಗೀತೆಗೆ ಇದು ಸರಿಹೋಗುತ್ತದೆ. ಆದರೆ ಒಂದು ಛೋಟಾ ಖ್ಯಾಲ್ ಹಾಡಲು ಕಾರ್ಡ್ ಬೇಡ. ಬೇಕಾಗಿರುವುದು ಎರಡೇ: ತಂಬೂರಿ ಮತ್ತು ಠೇಕಾ, ಅಂದರೆ ತಾಳದ ಆವರ್ತನೆ ತೋರಿಸುವ ತಬಲಾ ಪೆಟ್ಟುಗಳ ಸಾಲು. ಕಾರ್ಡ್ ಕೇಳುವ ಸಾಫ್ಟ್‌ವೇರ್‌ಗೆ ಈ ಎರಡನ್ನು ಹೇಳಿಕೊಡುವಷ್ಟರಲ್ಲಿ ನಿಮ್ಮ ತಾಳ್ಮೆ ಮುಗಿದಿರುತ್ತದೆ.

ಇಂಪ್ರೊ-ವೈಸರ್ ಅಮೆರಿಕದ ಹಾರ್ವಿ ಮಡ್ ಕಾಲೇಜಿನಲ್ಲಿ ಹುಟ್ಟಿದ್ದು. ಜಾಜ್ ಕಲಿಯುವವರು ಸೋಲೋ ನುಡಿಸುವುದನ್ನು ಅಭ್ಯಾಸ ಮಾಡಲಿ ಅಂತ ಮಾಡಿದ್ದು. ಕಾರ್ಡ್ ಕೊಟ್ಟರೆ ಅದರ ಮೇಲೆ ಸ್ವರಗಳ ಸಾಲನ್ನೂ ತಾನೇ ಹುಟ್ಟಿಸಿ ತೋರಿಸುತ್ತದೆ, ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ನಿಮ್ಮ ಮಕ್ಕಳಿಗೆ ಅದರಿಂದ ಉಪಯೋಗ ಕಡಿಮೆ.

ಎಂಎಂಎ ಅಂದರೆ ಮ್ಯೂಸಿಕಲ್ ಮಿಡಿ ಅಕಂಪನಿಮೆಂಟ್. ಬಾಬ್ ವಾನ್ ಡರ್ ಪೋಲ್ ಅನ್ನುವವರು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಇದಕ್ಕೆ ಕಿಟಕಿ, ಗುಂಡಿ, ಚಿತ್ರ ಏನೂ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ಟೆಂಪೋ ಇಷ್ಟು, ಗ್ರೂವ್ (ವಾದ್ಯಗಳು ನುಡಿಯುವ ಧಾಟಿ) ಇಂಥದ್ದು, ಕಾರ್ಡ್‌ಗಳು ಇವು ಅಂತ ಸಾಲುಸಾಲಾಗಿ ಬರೆದು ಆಜ್ಞೆ ಕೊಟ್ಟರೆ ಒಂದು ಮಿಡಿ ಫೈಲ್ ಬರುತ್ತದೆ, ಅದರಲ್ಲಿ ಸದ್ದು ಇರುವುದಿಲ್ಲ, ಯಾವ ಸ್ವರ ಯಾವಾಗ ನುಡಿಸಬೇಕು ಅನ್ನುವ ಸೂಚನೆ ಇರುತ್ತದೆ. ಟೈಪ್ ಮಾಡಲು ಬೇಸರ ಇಲ್ಲದವರಿಗೆ ಇದಕ್ಕಿಂತ ಬೇಗ ಕೆಲಸ ಮಾಡುವ ಸಾಧನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೆಜಾಜ್‌ಲ್ಯಾಬ್ ಬಗ್ಗೆ ಹುಬ್ಬಳ್ಳಿಯ ಕೀಬೋರ್ಡ್ ವಾದಕರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೇನೆ.

ಹೈಡ್ರೋಜನ್ ಹೆಸರಿಗೆ ಡ್ರಮ್ ಮಷಿನ್. ಆದರೆ ಅದರೊಳಗೆ ಡ್ರಮ್ಸ್ ಬದಲು ತಬಲಾದ ಪೆಟ್ಟುಗಳನ್ನು ಹಾಕಿಕೊಳ್ಳಬಹುದು. ಇದೇ ನಮಗೆ ಮುಖ್ಯ. ಹೇಗೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಒಂದು ಮಾತು. ಮಧ್ಯ ಲಯ, ದ್ರುತ್ ಲಯದ ಅಭ್ಯಾಸಕ್ಕೆ ಮಾತ್ರ ಇದನ್ನು ಬಳಸಿ. ವಿಲಂಬಿತ್ (ತೀರಾ ನಿಧಾನ ಲಯದ) ಏಕತಾಲ್‌ಗೆ ಬಳಸಬೇಡಿ. ಅಲ್ಲಿ ಎರಡು ಮಾತ್ರೆಗಳ ನಡುವೆ ತಬಲಾದವರು ತುಂಬುವ ಸಣ್ಣ ಸಣ್ಣ ಬೋಲ್ (ತಬಲಾದ ಪೆಟ್ಟುಗಳು) ಕೇಳಿಸಿಕೊಂಡೇ ಹಾಡುಗಾರರು ಸಮ್‌ಗೆ (ಆವರ್ತನೆಯ ಮೊದಲ ಮಾತ್ರೆಗೆ) ಬರುವುದು. ಪ್ರತಿ ಆವರ್ತನೆಯೂ ಒಂದೇ ಅಚ್ಚಿನಲ್ಲಿ ಬಂದರೆ ಮಗು ಲಯ ಕಲಿಯುವುದಿಲ್ಲ, ಎಣಿಸುವುದನ್ನು ಕಲಿಯುತ್ತದೆ. ಭೀಮಸೇನ ಜೋಶಿ ಹುಟ್ಟಿದ ರೋಣ, ಗಂಗೂಬಾಯಿ ಹಾನಗಲ್ ಬಾಳಿದ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನಸೂರರ ಧಾರವಾಡ ಎಲ್ಲ ಇಷ್ಟು ಹತ್ತಿರ ಇರುವಾಗ ನಮ್ಮ ಮಕ್ಕಳಿಗೆ ವಿಲಂಬಿತ್ ಅನ್ನು ಯಂತ್ರದಿಂದ ಕಲಿಸಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆ ಒಂದು ದಿನ ತಬಲಾದವರು ಬಂದಾಗ ವಿಲಂಬಿತ್ ಮಾಡಿಸಿ, ಉಳಿದದ್ದು ಟ್ರ್ಯಾಕ್ ಮೇಲೆ ನಡೆಯಲಿ.

ಪ್ರಶ್ನೆ: ನಮ್ಮದು ಭಜನಾ ಮೇಳ. ಶರೀಫರ ತತ್ವಪದ, ವಚನ, ದಾಸರ ಪದ ಹಾಡುತ್ತೇವೆ. ಹೆಚ್ಚಾಗಿ ಕೆಹರ್ವಾ, ದಾದ್ರಾ, ಅಪರೂಪಕ್ಕೆ ರೂಪಕ್, ಝಪ್‌ತಾಲ್. ಹೈಡ್ರೋಜನ್ ಹಾಕಿಕೊಂಡೆ, ತೆರೆದರೆ ಬರೀ ಇಂಗ್ಲಿಷ್ ಡ್ರಮ್ಸ್ ಸದ್ದು. ತಬಲಾ ಎಲ್ಲಿಂದ ತರಬೇಕು? ಏಳು ಮಾತ್ರೆ ಹೇಗೆ ಕೂರಿಸಬೇಕು?
(ಭಜನಾ ಹಾಡುಗಾರರು, ಗದಗ)

ಉತ್ತರ: ಅಣ್ಣಾವ್ರೇ, ಗದಗದಲ್ಲಿ ಕೂತು ತಬಲಾ ಎಲ್ಲಿಂದ ತರಬೇಕು ಅಂತ ಕೇಳುತ್ತಿದ್ದೀರಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ನಿಮ್ಮೂರಲ್ಲೇ ಇದೆ, ಒಳ್ಳೆಯ ಕೈ ಇರುವ ತಬಲಾದವರಿಗೆ ಅಲ್ಲಿ ಕೊರತೆ ಇಲ್ಲ. ಒಬ್ಬರನ್ನು ಕೇಳಿಕೊಂಡು, ಗೌರವ ಸಂಭಾವನೆ ಕೊಟ್ಟು, ಸದ್ದಿಲ್ಲದ ಕೋಣೆಯಲ್ಲಿ ಕೂತು ಒಂದೊಂದೇ ಪೆಟ್ಟನ್ನು ರೆಕಾರ್ಡ್ ಮಾಡಿಕೊಳ್ಳಿ. ಯಾರೋ ಎಲ್ಲೋ ಮಾಡಿದ ಸ್ಯಾಂಪಲ್ ಹುಡುಕುವುದಕ್ಕಿಂತ ಇದು ನೂರು ಪಾಲು ಮೇಲು.

ಎಲ್ಲಾ ಬೋಲ್ ರೆಕಾರ್ಡ್ ಮಾಡಬೇಕಾಗಿಲ್ಲ. ‘ಧಾ’ ಅಂದರೆ ಬಲಗೈಯ ‘ನಾ’ ಮತ್ತು ಎಡಗೈಯ ‘ಗೆ’ ಒಟ್ಟಿಗೆ. ‘ಧಿನ್’ ಅಂದರೆ ‘ತಿನ್’ ಮತ್ತು ‘ಗೆ’ ಒಟ್ಟಿಗೆ. ಹಾಗಾಗಿ ನಾ, ತಿನ್, ತೆ, ತೂ ಇಷ್ಟು ದಾಯಾಂದು (ಬಲಗೈಯ ತಬಲಾದ್ದು), ಗೆ ಮತ್ತು ಕ ಇಷ್ಟು ಬಾಯಾಂದು (ಎಡಗೈಯದು) ಇದ್ದರೆ ನಿಮ್ಮ ನಾಲ್ಕೂ ತಾಳ ಕಟ್ಟಬಹುದು. ಪ್ರತಿ ಪೆಟ್ಟನ್ನು ಮೆತ್ತಗೆ ಒಮ್ಮೆ, ಮಧ್ಯಮ ಒಮ್ಮೆ, ಜೋರಾಗಿ ಒಮ್ಮೆ ಹೊಡೆಸಿ. ಆಡಾಸಿಟಿ ಅನ್ನುವ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕತ್ತರಿಸುವಾಗ ಪೆಟ್ಟು ಬೀಳುವ ಜಾಗದಿಂದಲೇ ಶುರು ಆಗುವಂತೆ ಕತ್ತರಿಸಬೇಕು, ಮುಂದೆ ಒಂದಿಷ್ಟು ಖಾಲಿ ಉಳಿದರೂ ಠೇಕಾ ಹಿಂದೆ ಬಿದ್ದಂತೆ ಕೇಳುತ್ತದೆ. ಕೊನೆಯಲ್ಲಿ ಮಾತ್ರ ಕಂಪನ ಪೂರ್ತಿ ಆರುವ ತನಕ ಬಿಡಿ.

ಈಗ ಹೈಡ್ರೋಜನ್‌ನಲ್ಲಿ ಹೊಸ ಡ್ರಮ್‌ಕಿಟ್ ಮಾಡಿ. ಒಂದು ವಾದ್ಯದ ಸಾಲಿಗೆ ಒಂದು ಪೆಟ್ಟು. ಅದರೊಳಗೆ ಲೇಯರ್ ಅಂತ ಇರುತ್ತದೆ, ಅಲ್ಲಿ ಮೆತ್ತಗಿನದು ಕೆಳಗೆ, ಜೋರಿನದು ಮೇಲೆ ಹಾಕಿ. ಆಮೇಲೆ ನೀವು ನೋಟ್‌ನ ಬಲ ಕಡಿಮೆ ಇಟ್ಟರೆ ಮೆತ್ತಗಿನ ರೆಕಾರ್ಡಿಂಗ್, ಜಾಸ್ತಿ ಇಟ್ಟರೆ ಜೋರಿನ ರೆಕಾರ್ಡಿಂಗ್ ತಾನಾಗಿ ನುಡಿಯುತ್ತದೆ. ಬರೀ ವಾಲ್ಯೂಮ್ ಏರಿಸಿ ಇಳಿಸುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ, ಏಕೆಂದರೆ ತಬಲಾದಲ್ಲಿ ಮೆತ್ತಗೆ ಹೊಡೆದಾಗ ನಾದದ ಬಣ್ಣವೇ ಬೇರೆ.

ಹೆಚ್ಚಿನವರು ಬಿಟ್ಟುಬಿಡುವ ಒಂದು ವಿಷಯ ಇದೆ, ಮ್ಯೂಟ್ ಗ್ರೂಪ್. ಬಾಯಾಂದ ‘ಗೆ’ ಗುಂಯ್ ಅಂತ ಉದ್ದ ನಿಲ್ಲುತ್ತದೆ. ಅದರ ಮೇಲೆ ‘ಕ’ ಬಿದ್ದರೆ ಅಂಗೈ ಚರ್ಮದ ಮೇಲೆ ಕೂತು ಆ ಗುಂಯ್ ನಿಲ್ಲುತ್ತದೆ. ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ, ಎರಡನ್ನೂ ಒಂದರ ಮೇಲೊಂದು ನುಡಿಸಿಬಿಡುತ್ತದೆ. ‘ಗೆ’ ಮತ್ತು ‘ಕ’ ಎರಡಕ್ಕೂ ಒಂದೇ ಮ್ಯೂಟ್ ಗ್ರೂಪ್ ಸಂಖ್ಯೆ ಕೊಟ್ಟರೆ ಎರಡನೆಯದು ಬಂದ ಕೂಡಲೇ ಮೊದಲನೆಯದು ನಿಲ್ಲುತ್ತದೆ. ಇಷ್ಟು ಮಾಡಿದರೆ ಕೆಹರ್ವಾ ಕೇಳಿದವರು ಇದು ಕಂಪ್ಯೂಟರ್ ಅಂತ ಥಟ್ಟನೆ ಹೇಳಲಾರರು.

ಇನ್ನು ಮಾತ್ರೆಯ ಲೆಕ್ಕ. ಪ್ಯಾಟರ್ನ್ ಅಳತೆ ಬದಲಿಸುವ ಜಾಗ ಇದೆ. ಕೆಹರ್ವಾಗೆ ಎಂಟರ ಮೇಲೆ ಎಂಟು ಇಡಿ: ಧಾ ಗೆ ನ ತಿ, ನ ಕ ಧಿ ನ. ದಾದ್ರಾಗೆ ಆರರ ಕೆಳಗೆ ಎಂಟು: ಧಾ ಧಿನ್ ನಾ, ಧಾ ತಿನ್ ನಾ. ರೂಪಕ್‌ಗೆ ಏಳರ ಕೆಳಗೆ ಎಂಟು: ತಿನ್ ತಿನ್ ನಾ, ಧಿನ್ ನಾ, ಧಿನ್ ನಾ. ಝಪ್‌ತಾಲ್‌ಗೆ ಐದರ ಕೆಳಗೆ ಎಂಟರ ಎರಡು ಪ್ಯಾಟರ್ನ್ ಮಾಡಿ, ಧೀ ನಾ ಧೀ ಧೀ ನಾ ಒಂದರಲ್ಲಿ, ತೀ ನಾ ಧೀ ಧೀ ನಾ ಇನ್ನೊಂದರಲ್ಲಿ. ಆಮೇಲೆ ಸಾಂಗ್ ಎಡಿಟರ್‌ನಲ್ಲಿ ಒಂದರ ಮುಂದೆ ಒಂದು ಇಟ್ಟರೆ ಹತ್ತು ಮಾತ್ರೆಯ ಆವರ್ತನೆ ಆಯಿತು. ತೀನ್‌ತಾಲ್‌ಗೂ ಇದೇ ದಾರಿ, ನಾಲ್ಕು ವಿಭಾಗಕ್ಕೆ ನಾಲ್ಕು ಪ್ಯಾಟರ್ನ್. ಹೀಗೆ ಬಿಡಿಯಾಗಿ ಇಟ್ಟುಕೊಂಡರೆ ಖಾಲಿಯ (ಚಪ್ಪಾಳೆ ಇಲ್ಲದ) ವಿಭಾಗ ಕಣ್ಣಿಗೂ ಕಾಣುತ್ತದೆ, ಕಲಿಯುವ ಹುಡುಗರಿಗೆ ತೋರಿಸಲು ಅನುಕೂಲ.

ಲಯದ ವಿಷಯದಲ್ಲಿ ಗೊಂದಲ ಆಗುತ್ತದೆ, ನೋಡಿಕೊಳ್ಳಿ. ಮೇಲೆ ಹೇಳಿದ ಲೆಕ್ಕದಲ್ಲಿ ಒಂದು ಮಾತ್ರೆ ಅಂದರೆ ಎಂಟನೇ ಒಂದು ಭಾಗದ ನೋಟ್. ಆದರೆ ಹೈಡ್ರೋಜನ್‌ನ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆ) ಎಣಿಸುವುದು ನಾಲ್ಕನೇ ಒಂದು ಭಾಗದ ನೋಟನ್ನು. ಆದ್ದರಿಂದ ನಿಮಿಷಕ್ಕೆ 160 ಮಾತ್ರೆ ಬೇಕಾದರೆ 80 ಅಂತ ಹಾಕಬೇಕು.

ಮಿಕ್ಸರ್‌ನಲ್ಲಿ ಹ್ಯೂಮನೈಜ್ ಅಂತ ಗುಂಡಿಗಳಿವೆ. ಪೆಟ್ಟಿನ ಬಲ, ಸಮಯ ಎರಡನ್ನೂ ಚೂರು ಚೂರು ಏರುಪೇರು ಮಾಡುತ್ತವೆ. ಬಲದ್ದನ್ನು ಸ್ವಲ್ಪ ತಿರುಗಿಸಿ, ಸಮಯದ್ದನ್ನು ಮುಟ್ಟಬೇಡಿ. ಭಜನೆಯಲ್ಲಿ ಹತ್ತು ಜನ ತಾಳ ಹಾಕುತ್ತಿರುತ್ತಾರೆ, ಠೇಕಾ ಅಲುಗಾಡಿದರೆ ಎಲ್ಲರೂ ಅಲುಗಾಡುತ್ತಾರೆ.

ತತ್ವಪದಕ್ಕೆ ಇನ್ನೊಂದು ಮಾತು. ಶಿಶುನಾಳ ಶರೀಫರ ಪದಗಳನ್ನು ಹಳ್ಳಿಯ ಮೇಳಗಳು ಏಕತಾರಿ, ದಪ್ಪು, ತಾಳದ ಮೇಲೆ ಹಾಡುತ್ತವೆ. ಅದಕ್ಕೆ ಡ್ರಮ್ಸ್, ಬಾಸ್ ಗಿಟಾರ್ ಹಾಕಿ ತುಂಬಿಸುವ ಆಸೆ ಬರುತ್ತದೆ, ದಯವಿಟ್ಟು ಬೇಡ. ನಿಮ್ಮ ಮೇಳದ ದಪ್ಪಿನ ನಾಲ್ಕು ಪೆಟ್ಟು, ತಾಳದ ಎರಡು ಸದ್ದು ರೆಕಾರ್ಡ್ ಮಾಡಿ ಅದನ್ನೇ ಒಂದು ಕಿಟ್ ಮಾಡಿಕೊಳ್ಳಿ. ಪದದ ಮಾತು ಕೇಳಬೇಕು, ಅಲ್ವಾ?

ಪ್ರಶ್ನೆ: ಎಂಎಂಎಯಲ್ಲಿ ಮಾಲಕಂಸ್‌ಗೆ ಟ್ರ್ಯಾಕ್ ಮಾಡಲು ನೋಡಿದೆ. ಷಡ್ಜಕ್ಕೆ ಮೈನರ್ ಕಾರ್ಡ್ ಕೊಟ್ಟೆ, ಏಕೆಂದರೆ ಗಾಂಧಾರ ಕೋಮಲ. ಆದರೂ ಏನೋ ತಪ್ಪು ಕೇಳುತ್ತದೆ. ಭೂಪ್‌ಗೆ ಮಾಡಿದಾಗಲೂ ಹಾಗೇ. ಸಾಫ್ಟ್‌ವೇರ್ ದೋಷವೇ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ದೋಷ ಅಲ್ಲ ತಮ್ಮಾ. ನಿನ್ನ ಕಿವಿ ಸರಿಯಾಗಿದೆ, ಅದನ್ನು ನಂಬು.

ಮೈನರ್ ಕಾರ್ಡ್ ಅಂದರೆ ಸ, ಕೋಮಲ ಗ, ಪ. ಮಾಲಕಂಸ್‌ನಲ್ಲಿ ಪಂಚಮವೇ ಇಲ್ಲ: ಸ ಗ ಮ ಧ ನಿ ಅಷ್ಟೇ, ಗ ಧ ನಿ ಕೋಮಲ. ನೀನು ಒಂದು ಕಾರ್ಡ್ ಕೊಟ್ಟ ಕೂಡಲೇ ಕೀಬೋರ್ಡು, ಬಾಸು ಎರಡೂ ಪಂಚಮ ಹಿಡಿಯುತ್ತವೆ. ಬಾಸ್ ಗ್ರೂವ್‌ಗಳಲ್ಲಿ ಮೂಲ ಸ್ವರ, ಐದನೇ ಸ್ವರ ಅಂತ ಹೋಗಿ ಬರುವುದು ತೀರಾ ಸಾಮಾನ್ಯ. ತಂಬೂರಿಯನ್ನೂ ಮಾಲಕಂಸ್‌ಗೆ ಪಂಚಮ ಬಿಟ್ಟು ಮಧ್ಯಮಕ್ಕೆ ಹಚ್ಚುವುದು ಇದೇ ಕಾರಣಕ್ಕೆ.

ಭೂಪ್‌ನಲ್ಲಿ ಸ ರೆ ಗ ಪ ಧ. ಷಡ್ಜದ ಮೇಜರ್ ಕಾರ್ಡ್ ಸ ಗ ಪ, ಸರಿ. ಧೈವತದ ಮೈನರ್ ಧ ಸ ಗ, ಅದೂ ಸರಿ. ಆದರೆ ಸಿನಿಮಾ ಹಾಡಿನ ಅಭ್ಯಾಸದಲ್ಲಿ ನಾಲ್ಕನೇ ಕಾರ್ಡ್ ಹಾಕಿದರೆ ಮಧ್ಯಮ ನುಗ್ಗುತ್ತದೆ, ಐದನೇ ಕಾರ್ಡ್ ಹಾಕಿದರೆ ನಿಷಾದ ನುಗ್ಗುತ್ತದೆ. ಎರಡೂ ಭೂಪ್‌ಗೆ ವರ್ಜ್ಯ.

ಹಾಗಾದರೆ ದಾರಿ? ಕಾರ್ಡ್ ಟ್ರ್ಯಾಕನ್ನು ಆಫ್ ಮಾಡು, ಎಂಎಂಎಯಲ್ಲಿ ಪ್ರತಿ ಟ್ರ್ಯಾಕ್‌ಗೂ ಆ ಆಜ್ಞೆ ಇದೆ. ಬಾಸ್‌ಗೆ ಗ್ರಂಥಾಲಯದ ಗ್ರೂವ್ ಬಳಸದೆ ನೀನೇ ಒಂದು ಸಾಲು ಬರೆದುಕೊಡು, ಮಾಲಕಂಸ್‌ಗೆ ಸ ಮತ್ತು ಮ ಮಾತ್ರ. ಇಷ್ಟಾದ ಮೇಲೂ ಕಿವಿಗೆ ಸಣ್ಣ ಮುಳ್ಳು ಉಳಿಯಬಹುದು. ಮಿಡಿ ಸಿಂಥ್‌ಗಳು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿ ನುಡಿಸುತ್ತವೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಶುದ್ಧ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ (ಸಪ್ತಕದ 1200ರಲ್ಲಿ ಒಂದು ಪಾಲು ಒಂದು ಸೆಂಟ್) ದೂರ, ಮಿಡಿಯದು 400. ಆ 14 ಸೆಂಟ್ ವ್ಯತ್ಯಾಸ ಕಡಿಮೆ ಅಲ್ಲ, ಭೂಪ್‌ನಲ್ಲಿ ಗಾಂಧಾರದ ಮೇಲೆ ನಿಂತಾಗ ಚೆನ್ನಾಗಿ ಕೇಳಿಸುತ್ತದೆ. ಪೇಟಿಯಲ್ಲೂ ಇದೇ ತಕರಾರು ಹಳೆಯದು. ಮಿಡಿಯನ್ನು ಸದ್ದಾಗಿ ಬದಲಿಸುವ ಫ್ಲೂಯಿಡ್‌ಸಿಂತ್‌ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬೇರೆ ಟ್ಯೂನಿಂಗ್ ಹಾಕುವ ಸೌಲಭ್ಯ ಇದೆ, ನೀನು ಇಂಜಿನಿಯರಿಂಗ್ ಹುಡುಗ, ಮಾಡಿ ನೋಡು. ಅದು ಬೇಡ ಅನ್ನಿಸಿದರೆ ತಂಬೂರಿ ಇರುವ ಟ್ರ್ಯಾಕ್‌ನಲ್ಲಿ ಕೀಬೋರ್ಡ್ ಪ್ಯಾಡ್ ಹಾಕದೇ ಇರುವುದು ಸುಲಭದ ಪರಿಹಾರ.

ಕೋಡ್ ಬರೆಯುವ ಇಷ್ಟ ಇದ್ದರೆ ಸೋನಿಕ್ ಪೈ ಕೂಡ ನೋಡು. ಸ್ಯಾಮ್ ಆರನ್ ಅನ್ನುವವರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಅಂತ ಮಾಡಿದ್ದು. ಅದರಲ್ಲಿ ತಬಲಾದ ಪೆಟ್ಟುಗಳು ಜೊತೆಗೇ ಬರುತ್ತವೆ, ನಾ, ಗೆ, ಕೆ, ತುನ್ ಎಲ್ಲ ಇವೆ. ಠೇಕಾವನ್ನು ಒಂದು ಲೂಪ್ ಆಗಿ ಬರೆದರೆ ಅದು ನುಡಿಯುತ್ತಿರುವಾಗಲೇ ಬೋಲ್ ಬದಲಿಸಬಹುದು. ಕಾಯ್ದಾ (ಒಂದು ಬೋಲ್ ರಚನೆಯನ್ನು ಬದಲಿಸುತ್ತಾ ವಿಸ್ತರಿಸುವುದು) ಬೆಳೆಸುವುದನ್ನು ಕೋಡ್‌ನಲ್ಲಿ ಬರೆದು ನೋಡುವುದು ತುಂಬಾ ಖುಷಿಯ ಕೆಲಸ. ಹಾಡುಗಾರರ ಕೈಗೆ ಕೊಡುವ ಸಾಧನ ಅದಲ್ಲ.

ಪ್ರಶ್ನೆ: ಸರ್, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮದುವೆ ಸೀಸನ್‌ನಲ್ಲಿ ಡ್ರಮ್ಸ್, ಬಾಸ್‌ನವರು ಬೇರೆ ಬೇರೆ ಪಾರ್ಟಿಗೆ ಹಂಚಿಹೋಗುತ್ತಾರೆ. ಜೆಜಾಜ್‌ಲ್ಯಾಬ್ ಯಮಾಹಾ ಕೀಬೋರ್ಡ್‌ನ ಸ್ಟೈಲ್ (ಸಿದ್ಧ ಹಿನ್ನೆಲೆ ವಾದನದ ಫೈಲ್) ಓದುತ್ತದೆ ಅಂತ ಕೇಳಿದೆ. ಹಾಕಿ ನೋಡಿದರೆ ಇಂಡಿಯನ್ ಸ್ಟೈಲ್‌ನಲ್ಲಿ ತಬಲಾ ಬದಲು ಏನೇನೋ ಸದ್ದು ಬರುತ್ತದೆ.
(ಕೀಬೋರ್ಡ್ ವಾದಕ, ಹುಬ್ಬಳ್ಳಿ)

ಉತ್ತರ: ನಿಮ್ಮ ಕೆಲಸಕ್ಕೆ ಜೆಜಾಜ್‌ಲ್ಯಾಬ್ ಸರಿಯಾದ ಆಯ್ಕೆ, ಬಿಡಬೇಡಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಂಟ್ರೋ, ಮೇನ್ ಎ ಬಿ ಸಿ ಡಿ, ಫಿಲ್, ಎಂಡಿಂಗ್ ಅಂತ ನೀವು ಕೀಬೋರ್ಡ್ ಮೇಲೆ ಒತ್ತುವುದನ್ನೇ ಇಲ್ಲಿ ಹಾಡಿನ ಭಾಗಗಳಾಗಿ ಮೊದಲೇ ಜೋಡಿಸಿಡಬಹುದು. ಪಲ್ಲವಿಗೆ ಒಂದು ವೇರಿಯೇಷನ್, ಚರಣಕ್ಕೆ ಇನ್ನೊಂದು, ಎರಡನೇ ಚರಣದಲ್ಲಿ ಜೋರು ಸ್ವಲ್ಪ ಹೆಚ್ಚು, ಇಲ್ಲಿ ಬಾಸ್ ಸುಮ್ಮನಿರಲಿ ಅಂತ ಭಾಗ ಭಾಗಕ್ಕೆ ಹೇಳಬಹುದು. ಒಂದೇ ಹಾಡಿನಲ್ಲಿ ಎರಡು ಸ್ಟೈಲ್ ಬೆರೆಸಬಹುದು. ಎಂಎಂಎಯಲ್ಲೂ ಇದೆಲ್ಲ ಆಗುತ್ತದೆ, ಆದರೆ ಬರೆದು ಮಾಡಬೇಕು. ವೇದಿಕೆಗೆ ಹೋಗುವ ಅರ್ಧ ಗಂಟೆ ಮುಂಚೆ ಹಾಡು ಬದಲಾದಾಗ ಕಣ್ಣಿಗೆ ಕಾಣುವ ಜೆಜಾಜ್‌ಲ್ಯಾಬ್ ಕೈಹಿಡಿಯುತ್ತದೆ.

ತಬಲಾ ಸದ್ದು ಯಾಕೆ ಕೆಡುತ್ತದೆ ಅಂದರೆ, ಸ್ಟೈಲ್ ಫೈಲ್‌ನೊಳಗೆ ಸದ್ದು ಇರುವುದಿಲ್ಲ. ‘ಇಂಥ ಕಿಟ್‌ನ ಇಂಥ ಸಂಖ್ಯೆಯ ಪೆಟ್ಟು’ ಅಂತ ಬರೀ ಸೂಚನೆ ಇರುತ್ತದೆ. ಆ ಇಂಡಿಯನ್ ಕಿಟ್ ಇರುವುದು ಯಮಾಹಾ ಕೀಬೋರ್ಡ್‌ನ ಒಳಗೆ. ಕಂಪ್ಯೂಟರ್‌ನ ಸಾಮಾನ್ಯ ಸೌಂಡ್‌ಫಾಂಟ್ (ವಾದ್ಯಗಳ ಸದ್ದು ತುಂಬಿರುವ ಫೈಲ್) ಜನರಲ್ ಮಿಡಿ ಪಟ್ಟಿಯ ಪ್ರಕಾರ ನಡೆಯುತ್ತದೆ. ಆ ಪಟ್ಟಿಯ 128 ವಾದ್ಯಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ, ನಮ್ಮ ಪೇಟಿಗೆ ಹತ್ತಿರದ್ದು ಅಂದರೆ 21ನೆಯ ರೀಡ್ ಆರ್ಗನ್. ತಾಳವಾದ್ಯದಲ್ಲಿ ಬೊಂಗೋ, ಕಾಂಗೋ ಇವೆ, ತಬಲಾ ಇಲ್ಲ. ಹಾಗಾಗಿ ತಬಲಾದ ‘ನಾ’ ಬರಬೇಕಾದ ಕಡೆ ಯಾವುದೋ ಗಂಟೆಯೋ ಸೀಟಿಯೋ ಬಂದುಬಿಡುತ್ತದೆ.

ಪರಿಹಾರ ನಿಮ್ಮ ಕೈಯಲ್ಲೇ ಇದೆ. ಕೀಬೋರ್ಡ್ ಹಿಂದೆ ‘ಯುಎಸ್‌ಬಿ ಟು ಹೋಸ್ಟ್’ ಕಿಂಡಿ ಇದ್ದರೆ ಅಲ್ಲಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ, ಜೆಜಾಜ್‌ಲ್ಯಾಬ್‌ನ ಮಿಡಿ ಔಟ್‌ಪುಟ್‌ಗೆ ಆ ಕೀಬೋರ್ಡನ್ನೇ ಆರಿಸಿ. ಜೋಡಣೆ ಲ್ಯಾಪ್‌ಟಾಪ್‌ನಲ್ಲಿ, ಸದ್ದು ಕೀಬೋರ್ಡ್‌ನಿಂದ. ಸ್ಟೈಲ್ ಆ ಮಾಡೆಲ್‌ಗೇ ಮಾಡಿದ್ದಾದರೆ ತಬಲಾ ತಬಲಾವಾಗಿಯೇ ಕೇಳುತ್ತದೆ. ಕಾರ್ಯಕ್ರಮದ ದಿನ ಮಾತ್ರ ಲೈವ್ ಆಗಿ ಹೀಗೆ ನುಡಿಸಬೇಡಿ, ಮುಂಚೆಯೇ ಆಡಿಯೋ ಆಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಛತ್ರದಲ್ಲಿ ಕರೆಂಟ್ ಹೋಗಿ ಬಂದರೆ ಜನ ಕಾಯುವುದಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಶಾಲೆಯಲ್ಲಿ ಹಳೆಯ ಕಂಪ್ಯೂಟರ್, ಇಂಟರ್ನೆಟ್ ಇಲ್ಲ ಅಂದರೂ ಸರಿ. ಪ್ರಾರ್ಥನೆಗೆ, ಗುಂಪು ಗಾಯನಕ್ಕೆ ಟ್ರ್ಯಾಕ್ ಬೇಕು. ಮಕ್ಕಳ ಧ್ವನಿಗೆ ತಕ್ಕಂತೆ ಶ್ರುತಿ ಬದಲಿಸಲು ಆಗಬೇಕು. ಮ್ಯೂಸ್‌ಸ್ಕೋರ್ ಸಾಕಾಗುತ್ತದೆಯೇ?
(ಶಿಕ್ಷಕರು, ಹಾವೇರಿ ಜಿಲ್ಲೆ)

ಉತ್ತರ: ಸರ್, ನಿಮಗೆ ಎಂಎಂಎ. ಕಾರ್ಡ್ ಬರೆದ ಫೈಲ್ ಕೆಲವೇ ಕೆಬಿ ಇರುತ್ತದೆ, ಹಳೆಯ ಕಂಪ್ಯೂಟರ್ ಮೇಲೂ ಕ್ಷಣದಲ್ಲಿ ಮಿಡಿ ಮಾಡಿಕೊಡುತ್ತದೆ. ಅದನ್ನು ಸದ್ದಾಗಿ ಬದಲಿಸಲು ಫ್ಲೂಯಿಡ್‌ಸಿಂತ್ ಮತ್ತು ಒಂದು ಸೌಂಡ್‌ಫಾಂಟ್ ಬೇಕು. ಫ್ಲೂಯಿಡ್‌ಆರ್3 ಅನ್ನುವುದು ಸುಮಾರು 140 ಎಂಬಿ, ಜನರಲ್‌ಯೂಸರ್ ಜಿಎಸ್ ಅದಕ್ಕಿಂತ ತುಂಬಾ ಚಿಕ್ಕದು. ಹಳೆಯ ಮಷಿನ್‌ಗೆ ಎರಡನೆಯದು ಸಾಕು. ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಬಹುದು, ಆಮೇಲೆ ಇಂಟರ್ನೆಟ್ ಬೇಡವೇ ಬೇಡ.

ಶ್ರುತಿಯ ವಿಷಯದಲ್ಲಿ ಮಿಡಿಗೆ ಸಾಟಿ ಇಲ್ಲ. ಆಡಿಯೋ ಫೈಲ್‌ನ ಶ್ರುತಿ ಎಳೆದರೆ ಸದ್ದು ಕೆಡುತ್ತದೆ. ಮಿಡಿಯಲ್ಲಿ ಸ್ವರದ ಸಂಖ್ಯೆ ಮಾತ್ರ ಬದಲಾಗುತ್ತದೆ, ಆದ್ದರಿಂದ ಏನೂ ಕೆಡುವುದಿಲ್ಲ. ಎಂಎಂಎ ಫೈಲ್‌ನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಸಾಲು ಸೇರಿಸಿ ನಾಲ್ಕು ಅಂತ ಬರೆದರೆ ಪೇಟಿಯ ಕರಿ ಒಂದರಲ್ಲಿದ್ದ ಹಾಡು ಬಿಳಿ ನಾಲ್ಕಕ್ಕೆ ಏರುತ್ತದೆ. ಗುಂಪು ಗಾಯನದಲ್ಲಿ ಅರ್ಧ ಮಕ್ಕಳು ತಾರ ಸ್ವರ ಮುಟ್ಟಲಾಗದೆ ಸುಮ್ಮನಾಗುತ್ತಾರೆ, ಇನ್ನರ್ಧ ಕಿರುಚುತ್ತಾರೆ. ದೊಡ್ಡವರು ಹಾಡಿದ ಟ್ರ್ಯಾಕನ್ನೇ ಮಕ್ಕಳ ಮೇಲೆ ಹೇರುವುದರಿಂದ ಆಗುವುದು ಇದು. ಮೂರು ಶ್ರುತಿಯಲ್ಲಿ ಮೂರು ಫೈಲ್ ಮಾಡಿಟ್ಟುಕೊಂಡು, ಮಕ್ಕಳನ್ನು ಹಾಡಿಸಿ ನೋಡಿ, ಯಾವುದರಲ್ಲಿ ಹಿಂದಿನ ಸಾಲಿನ ಮಗುವಿನ ದನಿಯೂ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ತಬಲಾ ಬದಲು ಕಾಂಗೋ, ಬೊಂಗೋ ಇರುವ ಗ್ರೂವ್ ಆರಿಸಿ, ಮಕ್ಕಳ ಹಾಡಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮ್ಯೂಸ್‌ಸ್ಕೋರ್ ಬಗ್ಗೆಯೂ ಕೇಳಿದ್ದೀರಿ. ಅದು ಸ್ಟಾಫ್ ನೊಟೇಶನ್ ಬರೆಯುವವರಿಗೆ ಬಹಳ ಒಳ್ಳೆಯದು. ಕಾರ್ಡ್ ಹೆಸರು ಬರೆದರೆ ಅದನ್ನೂ ನುಡಿಸುತ್ತದೆ, ಆದರೆ ಸಪ್ಪೆಯಾಗಿ ಬರೀ ಕಾರ್ಡ್ ಹಿಡಿಯುತ್ತದೆ, ವಾದ್ಯವೃಂದ ಕಟ್ಟುವುದಿಲ್ಲ.

ಪ್ರಶ್ನೆ: ಎಐಗೆ ಹೇಳಿದರೆ ಪೂರ್ತಿ ಟ್ರ್ಯಾಕ್ ಮಾಡಿಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ ಬೇಕು? ಹಳೆಯ ಹಾಡಿನಿಂದ ದನಿ ತೆಗೆದು ಕರೋಕೆ ಮಾಡುವುದೂ ಸುಲಭ ಅಲ್ವಾ?
(ಕಾಲೇಜು ವಿದ್ಯಾರ್ಥಿನಿ, ರಾಣೆಬೆನ್ನೂರು)

ಉತ್ತರ: ದನಿ ತೆಗೆಯಲು ಸ್ಪ್ಲೀಟರ್, ಡಿಮಕ್ಸ್ ಅಂತ ಓಪನ್ ಸೋರ್ಸ್ ಸಾಧನಗಳಿವೆ. ಸ್ಪ್ಲೀಟರ್ 2019ರಲ್ಲಿ ಡೀಜರ್ ಕಂಪನಿ ಬಿಟ್ಟದ್ದು, ಡಿಮಕ್ಸ್ ಫೇಸ್‌ಬುಕ್‌ನ ಸಂಶೋಧಕರದು. ಡಿಮಕ್ಸ್‌ನ ಫಲಿತಾಂಶ ನನ್ನ ಕಿವಿಗೆ ಹೆಚ್ಚು ಸ್ವಚ್ಛ. ಮನೆಯಲ್ಲಿ ಅಭ್ಯಾಸಕ್ಕೆ ಬಳಸಿ. ಆದರೆ ದನಿ ತೆಗೆದ ಮಾತ್ರಕ್ಕೆ ಆ ಸಂಗೀತ ನಿಮ್ಮದಾಗುವುದಿಲ್ಲ, ಧ್ವನಿಮುದ್ರಣದ ಹಕ್ಕು ನಮ್ಮ ದೇಶದಲ್ಲಿ ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.

ಎಐ ವಿಷಯಕ್ಕೆ ಬಂದರೆ, ಮೆಟಾದವರು 2023ರಲ್ಲಿ ಬಿಟ್ಟ ಮ್ಯೂಸಿಕ್‌ಜೆನ್ ಇದೆ. ಅದರ ಕೋಡ್ ಮುಕ್ತ, ಆದರೆ ತರಬೇತಿ ಪಡೆದ ಮಾದರಿಯನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತು ಇದೆ. ಅದಕ್ಕಿಂತ ಮುಖ್ಯವಾದ ತೊಂದರೆ: ಮೂರನೇ ಸಾಲಿನಲ್ಲಿ ಎರಡು ಆವರ್ತನೆ ಜಾಸ್ತಿ ಬೇಕು, ಚರಣದ ಮುಂಚೆ ತಿಹಾಯಿ (ಮೂರು ಸಲ ನುಡಿಸಿ ಸಮ್‌ಗೆ ಬರುವ ಮುಕ್ತಾಯ) ಬೇಕು ಅಂದರೆ ಅದು ಕೇಳುವುದಿಲ್ಲ. ಸಾಹಿತ್ಯ ನಿಲ್ಲುವ ಕಡೆ ಟ್ರ್ಯಾಕ್ ನಿಲ್ಲಬೇಕು. ಟ್ರ್ಯಾಕ್ ನಿಲ್ಲುವ ಕಡೆ ಹಾಡುಗಾರ್ತಿ ನಿಲ್ಲುವಂತಾದರೆ ಹಾಡು ಯಾರದು?

ಪ್ರಶ್ನೆ: ಇವುಗಳಲ್ಲಿ ಮಾಡಿದ ಟ್ರ್ಯಾಕ್ ಮೇಲೆ ವಚನಗಳನ್ನು ಹಾಡಿ ಮಾರಬಹುದೇ?
(ಗಾಯಕಿ, ಗದಗ)

ಉತ್ತರ: ಮಾರಬಹುದು. ಜಿಪಿಎಲ್‌ನಂಥ ಓಪನ್ ಸೋರ್ಸ್ ಲೈಸೆನ್ಸ್ ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದು, ಅದರಿಂದ ನೀವು ಮಾಡಿದ ಸಂಗೀತಕ್ಕಲ್ಲ. ಎರಡು ಕಡೆ ನೋಡಿಕೊಳ್ಳಿ. ಬಳಸಿದ ಸೌಂಡ್‌ಫಾಂಟ್, ಡ್ರಮ್‌ಕಿಟ್, ಸ್ಟೈಲ್ ಫೈಲ್‌ಗಳಿಗೆ ಅವುಗಳದ್ದೇ ಷರತ್ತು ಇರುತ್ತದೆ, ಓದಿ. ವಚನಕ್ಕೆ, ಶರೀಫರ ಪದಕ್ಕೆ ಹಕ್ಕಿನ ತೊಡಕಿಲ್ಲ, ಆದರೆ ನೀವು ಹಾಡುವ ಧಾಟಿ ಈಚಿನ ಸಂಗೀತ ನಿರ್ದೇಶಕರು ಕೂರಿಸಿದ್ದಾದರೆ ಅದಕ್ಕೆ ಹಕ್ಕು ಇದೆ. ಸಂಗೀತ ಕೃತಿಯ ಹಕ್ಕು ಅದನ್ನು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಸ್ವಂತ ಧಾಟಿ ಕೂರಿಸಿ ಹಾಡಿ, ನಿಮಗೆ ಆ ಶಕ್ತಿ ಇದೆ ಅಂತ ಪತ್ರದಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ಮೂವತ್ತು ವರ್ಷದಿಂದ ತಬಲಾ ನುಡಿಸುತ್ತಿದ್ದೇನೆ. ನೀವೆಲ್ಲ ಹೀಗೆ ಸಾಫ್ಟ್‌ವೇರ್ ಹೇಳಿಕೊಟ್ಟರೆ ನಮ್ಮ ಹೊಟ್ಟೆಪಾಡು ಏನಾಗಬೇಕು?
(ತಬಲಾ ವಾದಕರು, ಧಾರವಾಡ)

ಉತ್ತರ: ಗುರುಗಳೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಕಾರ್ಯಕ್ರಮಕ್ಕೆ ತಬಲಾದವರನ್ನು ಕರೆಯುವ ಬದಲು ಟ್ರ್ಯಾಕ್ ಹಾಕಿ ದುಡ್ಡು ಉಳಿಸುವ ಸಂಘಟಕರು ಇದ್ದಾರೆ, ಅವರನ್ನು ನಾನು ಸಮರ್ಥಿಸುವುದಿಲ್ಲ. ವೇದಿಕೆಯಲ್ಲಿ ಸಾಥ್ ಅಂದರೆ ಮನುಷ್ಯರೇ ಆಗಬೇಕು. ಈ ಅಂಕಣ ಹೇಳುತ್ತಿರುವುದು ಮನೆಯ ಅಭ್ಯಾಸಕ್ಕೆ, ಶಾಲೆಗೆ, ತಬಲಾದವರು ಇಲ್ಲದ ಹಳ್ಳಿಗೆ.

ನಿಮಗೊಂದು ವಿನಂತಿ. ನಿಮ್ಮ ಪೆಟ್ಟುಗಳನ್ನು ನೀವೇ ರೆಕಾರ್ಡ್ ಮಾಡಿ ಹೈಡ್ರೋಜನ್ ಕಿಟ್ ಮಾಡಿ. ದಾಯಾಂ ಅನ್ನು ಕರಿ ಒಂದಕ್ಕೆ, ಬಿಳಿ ನಾಲ್ಕಕ್ಕೆ, ಕರಿ ಐದಕ್ಕೆ ಬೇರೆ ಬೇರೆಯಾಗಿ ಹಚ್ಚಿ ಮೂರು ಕಿಟ್ ಮಾಡಬೇಕಾಗುತ್ತದೆ. ಒಂದೇ ರೆಕಾರ್ಡಿಂಗನ್ನು ಎರಡು ಮೂರು ಸ್ವರದಾಚೆ ಎಳೆದರೆ ‘ನಾ’ ತಗಡಿನ ಸದ್ದಾಗುತ್ತದೆ. ಬೆಲೆ ಕಟ್ಟಿ ಶಿಷ್ಯರಿಗೆ, ಗಾಯನ ಶಿಕ್ಷಕರಿಗೆ ಕೊಡಿ. ಮೊದಲ ಪ್ರಶ್ನೆ ಕೇಳಿದ ಮೇಡಂ ನಿಮ್ಮ ಊರಿನವರೇ. ಇಬ್ಬರೂ ಒಪ್ಪಿದರೆ ವಿಳಾಸ ಕಳಿಸಿಕೊಡುತ್ತೇವೆ, ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆಯಿರಿ.